ಅಂತರಜಾಲದಲ್ಲಿ ವಚನ ದಾಸೋಹ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಹಳ್ಳಿಶಾಲೆಗಳ ಅಧ್ಯಾಪಕರಿಗೆ ಸಮಗ್ರ ವಚನ ಸಂಪುಟಗಳು ಬಹುಕಾಲ ಕೈಗೆಟುಕದ ನಿಧಿಯಾಗಿದ್ದವು. ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ತಾಳೆಗರಿಗಳನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಆ ಪರಂಪರೆಯ ಫಲವಿಂದು ‘ವಚನ ಸಂಚಯ’ವೆಂಬ ಅಂತರಜಾಲ ತಾಣದಲ್ಲಿ ಉಚಿತವಾಗಿ ದೊರೆಯುತ್ತಿದೆ.

‘ಕಾಯಕ’ವೆಂಬ ಪದವನ್ನು ಅಲ್ಲಿ ಹುಡುಕಿದರೆ ಅದನ್ನು ಬಳಸಿದ ಶರಣರ ವಚನಗಳೆಲ್ಲ ಎದುರು ನಿಲ್ಲುತ್ತವೆ. ಅಕ್ಕಿ ಆಯುತ್ತಿದ್ದ ಲಕ್ಕಮ್ಮನವರನ್ನೂ ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನವರನ್ನೂ ಅಲ್ಲಿ ಕಂಡಾಗ, ಕೂಲಿಕಾರರ ಮಕ್ಕಳು ತಲೆಯೆತ್ತಿ ಕೂರುವುದನ್ನು ನಾನು ನೋಡಿದ್ದೇನೆ.

ಆದರೆ ಯಂತ್ರವು ಪದದ ನೆಲೆಯನ್ನು ತೋರಿಸೀತೇ ಹೊರತು ಅದರ ಅರ್ಥವನ್ನು ಮನಗಾಣಿಸಲಾರದು. ವಚನವನ್ನು ಮೊದಲು ತಾನು ಓದಿ, ಅರಿತು, ಬಳಿಕ ಮಕ್ಕಳಿಗೆ ಉಣಬಡಿಸುವುದು ಅಧ್ಯಾಪಕನ ಕಾಯಕ. ಅದು ನಡೆದರೆ ಮಾತ್ರ ಈ ದಾಸೋಹ ಸಾರ್ಥಕ.