ಪಾದ್ರಿಗಳ ಸೀಮೆಯಲ್ಲಿ ನನ್ನ ಬಾಣಂತನ

ನಮ್ಮ ಹಿರೇಕೆರೂರ ಕಡೆ ಚೊಚ್ಚಲ ಹೆರಿಗೆ ತವರುಮನೆಯ ಹಕ್ಕು. ಕುಬುಸ ಮುಗಿಸಿ ಮಗಳನ್ನು ಕರೆತಂದರೆಂದರೆ, ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ತನಕ ಅಳಿಯನೂ ಬಂದು ಹೋಗುವ ಬೀಗನೇ. ನಮ್ಮ ಮನೆತನದಲ್ಲಿ ಈ ಕಾಯಿದೆ ಮುರಿದವಳು ನಾನೇ ಮೊದಲು. ಗಂಡನ ನೌಕರಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ವಿಮಾನ ಹತ್ತುವ ತಿಂಗಳು ದಾಟಿದ್ದರಿಂದ ಅವ್ವನನ್ನೇ ಕರೆಸುವುದೆಂದಾಯಿತು. ಅವ್ವನ ವೀಸಾ ಕೈಗೆ ಬರುವಷ್ಟರಲ್ಲಿ ಕೂಸು ನಗಲು ಕಲಿತಿತ್ತು.

ಅಲ್ಲಿಯವರೆಗೆ ಆಸರೆಯಾದವಳು ಅಲ್ಲಿನ ಸೂಲಗಿತ್ತಿ. ಓದಿ ಪದವಿ ಪಡೆದವಳು, ಸೈಕಲ್ ಮೇಲೆ ಬರುವವಳು. ಜರ್ಮನಿಯಲ್ಲಿ ಹೆರಿಗೆಯಾದ ಮೊದಲ ಹತ್ತು ದಿನ ಬೇಕೆಂದರೆ ದಿನಾಲೂ, ಆಮೇಲೂ ಹನ್ನೆರಡು ವಾರದ ತನಕ ಆಗಾಗ ಸೂಲಗಿತ್ತಿ ಮನೆಗೇ ಬಂದು ತಾಯಿ-ಕೂಸನ್ನು ನೋಡಿಕೊಳ್ಳುತ್ತಾಳೆ. ಖರ್ಚು ಆರೋಗ್ಯ ವಿಮೆಯದು. ನಮ್ಮಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗುತ್ತಾರಲ್ಲ, ಅವರಿಗೂ ಇಂಥ ಮಾನ, ಸಂಬಳ ಸಿಕ್ಕರೆ ಎಷ್ಟು ಚೆಂದ! ಈಕೆ ಬಂದವಳೇ ಮೊದಲು ಕಿಟಕಿ ತೆರೆಯುತ್ತಿದ್ದಳು. ಫೋನಿನ ಪರದೆಯಲ್ಲಿ ಅವ್ವ ಚೀರುತ್ತಿದ್ದಳು: "ಏ, ಮೊದ್ಲ ಆ ಕಿಡಕಿ ಹಾಕ್ಸ! ಬಾಣಂತಿ ಕಿವ್ಯಾಗ ಗಾಳಿ ಹೊಕ್ಕರ ಜಲ್ಮಪೂರ್ತಿ ತಲಿನೋವು." ತಲೆಗೆ ಬಟ್ಟೆ ಕಟ್ಟಿಕೊಂಡು, ಕಿಟಕಿಯನ್ನೂ ತೆರೆದಿಟ್ಟು ಇಬ್ಬರನ್ನೂ ಸಮಾಧಾನಪಡಿಸಿದೆ. ಲೋಬಾನದ ಹೊಗೆಯಂತೂ ದೂರದ ಮಾತು. ಕೋಣೆಕೋಣೆಗೂ ಹೊಗೆ ಕಂಡರೆ ಕೂಗುವ ಯಂತ್ರ. ಅಂಟಿನ ಉಂಡಿ, ಅಳವಿ ಮಾತ್ರ ಪರಿಚಯದವರ ಪೆಟ್ಟಿಗೆಯಲ್ಲಿ ಬಂದವು.

ರಾತ್ರಿ ಕೂಸಿಗೆ ಹಾಲೂಡಿಸುತ್ತ ಕೂತಾಗ ಓದಲು ಸಿಕ್ಕಿದ್ದು ಈ ಸೀಮೆಯಿಂದಲೇ ನಮ್ಮ ಕಡೆ ಬಂದ ಪಾದ್ರಿಗಳ ಕತೆ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ. 'ಮಂಗಳೂರ ಸಮಾಚಾರ' ಹೊರಡಿಸಿದ ಮೋಗ್ಲಿಂಗ್ ಇದೇ ವುರ್ಟೆಂಬರ್ಗ್ ಸೀಮೆಯವರು. ಮಲಯಾಳದ ನಿಘಂಟು ಮಾಡಿದ ಗುಂಡರ್ಟ್ ಹುಟ್ಟಿದ್ದು ಸ್ಟುಟ್‌ಗಾರ್ಟ್‌ನಲ್ಲೇ. ಕನ್ನಡದ ನಿಘಂಟು ಮಾಡಿದ ನಮ್ಮ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಇಲ್ಲಿಗೆ ಹತ್ತಿರದ ಟ್ಯೂಬಿಂಗನ್‌ನಲ್ಲಿ. ಇವರೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ ಹೆಸರುಗಳು. ಇವರ ಹೆಂಡಂದಿರು ಹೆತ್ತದ್ದು ಎಲ್ಲಿ, ಬಾಣಂತನ ಮಾಡಿದವರು ಯಾರು ಎಂದು ನಾನೇ ಬಾಣಂತಿಯಾಗುವ ತನಕ ಕೇಳಿಕೊಂಡಿರಲಿಲ್ಲ.

ಮಿಷನರಿಗೆ ಬಂದ ಕೂಡಲೇ ಮದುವೆ ಇಲ್ಲ. ಕೆಲವು ವರ್ಷ ದುಡಿದು ಬಾಸೆಲ್‌ನ ಸಮಿತಿಯ ಒಪ್ಪಿಗೆ ಪಡೆಯಬೇಕು. ಆಮೇಲೆ ಹೆಣ್ಣು ಹಡಗಿನಲ್ಲಿ ಬರುತ್ತಿದ್ದಳು. ಎಷ್ಟೋ ಹೆಣ್ಣುಮಕ್ಕಳು ಗಂಡನಾಗುವವನ ಮುಖ ಕಂಡದ್ದೇ ನಮ್ಮ ನೆಲ ಮುಟ್ಟಿದ ಮೇಲೆ. ವರ್ಷ ತುಂಬುವುದರೊಳಗೆ ಬಸಿರು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮುಂಚೆ ಆಫ್ರಿಕಾ ಸುತ್ತಿ ಬರುವ ಹಡಗಿಗೆ ತಿಂಗಳುಗಟ್ಟಲೆ ಬೇಕು. ಅಂಥ ದೂರದಿಂದ ಯಾವ ತಾಯಿ ಬಾಣಂತನಕ್ಕೆ ಬಂದಾಳು? ಕಿಟೆಲ್ 1860ರಲ್ಲಿ ಪೌಲಿನೆ ಐತ್ ಎಂಬಾಕೆಯನ್ನು ಮದುವೆಯಾದರು. 1864ರಲ್ಲಿ ಆಕೆ ಮಂಗಳೂರಿನಲ್ಲಿ ತೀರಿಕೊಂಡಳು. 1867ರಲ್ಲಿ ಆಕೆಯ ಒಡಹುಟ್ಟಿದ ಯೂಲಿಯನ್ನೇ ಮದುವೆಯಾದರು. (ಇದನ್ನು ಹೇಳಿದಾಗ ಅವ್ವ ಬೆರಗಾಗಲಿಲ್ಲ. "ನಮ್ಮಂಗ ಆತು" ಅಂದಳು.)

ಹೆತ್ತು ಬದುಕಿದವರ ಸಂಕಟ ಬೇರೆ. ಕೂಸನ್ನು ಎತ್ತಿ ಆಡಿಸುವವಳು ಊರ ಆಯಾ. ಅವಳ ಮಾತೇ ಎಷ್ಟೋ ಮಕ್ಕಳ ಬಾಯಲ್ಲಿ ಮೊದಲು ಬರುತ್ತಿತ್ತು. ಶಾಲೆಯ ವಯಸ್ಸಾಯಿತೋ, ಮಗುವನ್ನು ಯುರೋಪಿಗೆ ಕಳಿಸಬೇಕು. ಮೊದಲು ರೂಢಿಯಾಗಿದ್ದದ್ದು ಮುಂದೆ ಮಿಷನ್‌ನ ನಿಯಮವೇ ಆಯಿತು. ಬಾಸೆಲ್‌ನಲ್ಲಿ ಇಂಥ ಮಕ್ಕಳಿಗೆಂದೇ ವಸತಿಮನೆ ಇತ್ತು. ಗುಂಡರ್ಟರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಎಳವೆಯಲ್ಲೇ ಆಕೆಯನ್ನು ಯುರೋಪಿನಲ್ಲಿ ಬಿಟ್ಟು ತಾಯಿತಂದೆ ಹಿಂತಿರುಗಿದರು. ಮತ್ತೆ ಅವರ ಬಳಿಗೆ ಬಂದದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಮುಂದೆ, ಮೊದಲ ಗಂಡ ಸತ್ತ ಮೇಲೆ, ಮಂಗಳೂರಿನಲ್ಲಿ ಪಾದ್ರಿಯಾಗಿದ್ದ ಯೋಹಾನೆಸ್ ಹೆಸ್ಸೆಯನ್ನು ಮದುವೆಯಾದಳು. 'ಸಿದ್ಧಾರ್ಥ' ಬರೆದ ಹರ್ಮನ್ ಹೆಸ್ಸೆ ಅವಳ ಮಗ. ಸಾಹಿತ್ಯ ಚರಿತ್ರೆಗೆ ಇದು ಖುಷಿಯ ಸುದ್ದಿ. ನನಗೆ ಮಾತ್ರ ಮಗಳನ್ನು ಬಿಟ್ಟು ಹಡಗು ಹತ್ತಿದ ತಾಯಿ, ಯೂಲಿ ಗುಂಡರ್ಟ್, ಕಣ್ಣಿಗೆ ಕಟ್ಟುತ್ತಾಳೆ. ದೇವರ ಕೆಲಸವಾದರೂ ಸರಿ, ಆ ರೂಢಿ ಕ್ರೂರವೇ.

ಅವ್ವ ಬಂದ ಮೇಲೆ ಕೂಸನ್ನು ಗಾಡಿಯಲ್ಲಿ ಮಲಗಿಸಿ ರೈಲು ಹತ್ತಿ ಟ್ಯೂಬಿಂಗನ್ ನೋಡಿ ಬಂದೆವು. ಅಲ್ಲಿನ ಗಾಳಿಗೂ ಅವ್ವ ಕೂಸಿನ ಕುಲಾವಿ ಬಿಚ್ಚಗೊಡಲಿಲ್ಲ.

ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಕಿಟೆಲ್ ಪ್ರತಿಮೆ ಇದೆ. 1894ರ ಅವರ ನಿಘಂಟಿಗೆ ಆ ಗೌರವ ಸಲ್ಲಬೇಕಾದದ್ದೇ. ಕಿಟೆಲ್ ಬಗ್ಗೆ ಮಕ್ಕಳಿಗೆ ಪಾಠ ಬರೆಯುವವರಲ್ಲಿ ನನ್ನದೊಂದು ಕೋರಿಕೆ: ಅವರ ಹೆಂಡಂದಿರಾದ ಪೌಲಿನೆ, ಯೂಲಿ ಎಂಬ ಹೆಸರುಗಳಿಗೂ ಅದರಲ್ಲಿ ಒಂದು ಸಾಲು ಬಿಡಿ.