ರಹಸ್ಯವೆಂಬ ನ್ಯಾಸ

ಕುಟುಂಬಗಳ ಆಪ್ತಸಮಾಲೋಚಕಿಯ ಕೋಣೆಗೆ ರೋಗಕ್ಕಿಂತ ಮೊದಲು ಬರುವುದು ಗುಟ್ಟು. ಮಗನ ಕುಡಿತ, ಸೊಸೆಯ ನಿದ್ರೆಗೆಟ್ಟ ಇರುಳುಗಳು. ಎಲ್ಲವನ್ನೂ ಆಲಿಸಿ, ವೈದ್ಯರಲ್ಲಿಗೆ ಕಳುಹಿ, ಔಷಧ ತಪ್ಪದಂತೆ ನೋಡುವುದು ಆಕೆಯ ಕೆಲಸ.

ಬೆಳಗಾವಿ ಸೀಮೆಯ ಊರೊಂದರ ಬಸದಿಯಂಗಳದಲ್ಲಿ ಹಿರಿಯ ಶ್ರಾವಕರೊಬ್ಬರು ಆಕೆಯನ್ನು ತಡೆದರು. ಮಗನಿಗೆ ನೋಡಿದ್ದ ಕನ್ಯೆಯ ಹೆಸರು ಹೇಳಿ, “ನಿಮ್ಮಲ್ಲಿಗೆ ಬರುತ್ತಿದ್ದಳಂತೆ, ಹೌದೇ ತಂಗಿ?” ಎಂದರು. ಹೌದೆಂದರೆ ಗುಟ್ಟು ಒಡೆಯಿತು, ಇಲ್ಲವೆಂದರೆ ಅಸತ್ಯ, ತಡವರಿಸಿದರೆ ಮುಖವೇ ನುಡಿದೀತು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ರಹೋಭ್ಯಾಖ್ಯಾನವನ್ನೂ, ಇಂಗಿತದಿಂದ ಅರಿತುದನ್ನು ಹೊರಗೆಡಹುವ ಸಾಕಾರಮಂತ್ರಭೇದವನ್ನೂ ಎಣಿಸಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ 23ನೆಯ ಕಲಮು ರೋಗಿಗೆ ಗೋಪ್ಯತೆಯ ಹಕ್ಕನ್ನಿತ್ತದ್ದು ಎಷ್ಟೋ ಶತಮಾನಗಳ ಅನಂತರ!

“ಯಾರು ಬಂದರು, ಯಾರು ಬರಲಿಲ್ಲ ಎಂಬುದನ್ನು ನಾನು ಯಾರಿಗೂ ಹೇಳುವುದಿಲ್ಲ, ಕಾಕಾ. ನಾಳೆ ನಿಮ್ಮ ಮನೆಯವರೇ ಬಂದರೂ ಅಷ್ಟೇ.” ಅವರು ಮುನಿದು ಹೊರಟರು. ವರನ ತಂದೆಯ ಆತಂಕವೇನೂ ಹುಸಿಯಲ್ಲ. ಮುಚ್ಚಿಟ್ಟು ಮಾಡಿದ ಮದುವೆಗಳು ಔಷಧ ನಿಂತೊಡನೆ ಮುರಿದುದನ್ನು ಆಕೆಯೇ ಕಂಡಿದ್ದಳು.

ಮರುವಾರ ಹುಡುಗಿ ಬಂದಾಗ, “ಹೇಳಬೇಕಾದವಳು ನೀನು, ತಾಯಿ. ಬೇಕಾದರೆ ನಾನು ಪಕ್ಕದಲ್ಲಿ ಕುಳಿತಿರುತ್ತೇನೆ” ಎಂದಳು. ಹುಡುಗಿ ಉತ್ತರಿಸಲಿಲ್ಲ, ಮುಂದಿನ ಭೇಟಿಯ ದಿನವನ್ನಷ್ಟೇ ಚೀಟಿಯಲ್ಲಿ ಬರೆಸಿಕೊಂಡು ಹೋದಳು.