ಎಸ್ಟಿಮೇಟ್‌ನಲ್ಲಿ ಇಲ್ಲದ ಧೂಳು

ನನ್ನ ಸೋದರಮಾವ ಗ್ರಾನೈಟ್ ಕೆಲಸದವರು. ಹೊಸ ಮನೆಗಳಲ್ಲಿ ನೆಲಕ್ಕೆ ಕಲ್ಲು ಹಾಕೋದು, ಅಡುಗೆಮನೆಗೆ ಸ್ಲ್ಯಾಬ್ ಕೂರಿಸೋದು, ಅದರ ಅಂಚಿಗೆ ಮೋಲ್ಡಿಂಗ್ ಮಾಡೋದು. ಇಪ್ಪತ್ತು ವರ್ಷದಿಂದ ಇದೇ. ಸಂಜೆ ಮನೆಗೆ ಬಂದರೆ ರೆಪ್ಪೆಕೂದಲೂ ಬೆಳ್ಳಗಾಗಿರುತ್ತೆ. ಈಗ ಒಂದು ವರ್ಷದಿಂದ ಬಿಡದ ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಮನೆಯವರೆಲ್ಲ "ಬೀಡಿ ಬಿಡು" ಅಂತಾರೆ. ಬೀಡಿ ಬಿಡಲೇಬೇಕು, ಅದು ಸರಿ. ಆದರೆ ಆ ಬಿಳಿ ಧೂಳಿನ ಬಗ್ಗೆ ಯಾರೂ ಮಾತಾಡಲ್ಲ.

ಸಿವಿಲ್‌ನವರು ಜಿಯಾಲಜಿಯಲ್ಲಿ ಓದಿರ್ತೀರಿ: ಗ್ರಾನೈಟ್‌ನಲ್ಲಿ ಕಡಿಮೆ ಅಂದರೂ ಐದನೇ ಒಂದು ಪಾಲು ಕ್ವಾರ್ಟ್ಜ್, ಅಂದರೆ ಹರಳು ರೂಪದ ಸಿಲಿಕಾ. ಕಣ್ಣಿಗೆ ಕಾಣುವ ದಪ್ಪ ಧೂಳನ್ನು ಮೂಗು, ಗಂಟಲು ಬಹುಪಾಲು ತಡೆಯುತ್ತವೆ. ಅಪಾಯ ಇರೋದು ಸುಮಾರು 4 ಮೈಕ್ರಾನ್‌ಗಿಂತ ಸಣ್ಣ ಕಣಗಳಲ್ಲಿ. ನಮ್ಮ ತಲೆಕೂದಲಿನ ದಪ್ಪವೇ 70 ಮೈಕ್ರಾನ್ ಆಸುಪಾಸು. ಆ ಕಣಗಳು ಶ್ವಾಸಕೋಶದ ತಳದವರೆಗೂ ಇಳಿಯುತ್ತವೆ. ಅವನ್ನು ನುಂಗಿದ ರಕ್ಷಕ ಕೋಶಗಳು ಅರಗಿಸಲಾಗದೆ ಸಾಯುತ್ತವೆ, ಆ ಜಾಗ ಗಾಯವಾಗಿ ಗಟ್ಟಿಯಾಗುತ್ತದೆ. ಇದೇ ಸಿಲಿಕೋಸಿಸ್. ಗಟ್ಟಿಯಾದ ಶ್ವಾಸಕೋಶ ಮತ್ತೆ ಮೃದುವಾಗುವುದಿಲ್ಲ. ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯಬಹುದು. ಟಿಬಿ ತಗುಲುವ ಸಾಧ್ಯತೆಯೂ ಹೆಚ್ಚು. ಕೆಲಸದ ಜಾಗದಲ್ಲಿ ಉಸಿರಿಗೆ ಹೋಗುವ ಈ ಸಿಲಿಕಾ ಕ್ಯಾನ್ಸರ್ ತರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಹೇಳಿದೆ.

ಇದು ಹೊಸ ಕಾಯಿಲೆಯೂ ಅಲ್ಲ. ಕೋಲಾರದ ಚಿನ್ನ ಇದ್ದದ್ದೇ ಕ್ವಾರ್ಟ್ಜ್ ಪದರಗಳಲ್ಲಿ. 2001ರಲ್ಲಿ ಕೆಜಿಎಫ್ ಗಣಿ ಮುಚ್ಚಿತು, ಆದರೆ ಅಲ್ಲಿ ಕಲ್ಲು ಕೊರೆದವರ ಎದೆಯಲ್ಲಿ ಧೂಳು ಉಳಿಯಿತು. ಕಾರ್ಖಾನೆ ಕಾಯ್ದೆ, 1948ರಲ್ಲಿ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಸಿಲಿಕೋಸಿಸ್ ಇತ್ತು. ಆದರೆ ಇವತ್ತು ಈ ಮನೆ, ನಾಳೆ ಆ ಮನೆ ಅಂತ ಓಡಾಡುವ ಮಾವನಿಗೆ ಕಾರ್ಖಾನೆ ಎಲ್ಲಿದೆ? ರೋಗ ಸಾಮಾನ್ಯವಾಗಿ ಕಾಣಿಸಿಕೊಳ್ಳೋದು ಹತ್ತು ವರ್ಷ ದಾಟಿದ ಮೇಲೆ. ಅಷ್ಟರಲ್ಲಿ ಎಷ್ಟು ಮೇಸ್ತ್ರಿಗಳು, ಎಷ್ಟು ಓನರ್‌ಗಳು ಬಂದು ಹೋಗಿರ್ತಾರೋ!

"ಮಾವ, ನೀರು ಬಿಟ್ಕೊಂಡು ಕಟ್ ಮಾಡಬಾರ್ದಾ?" ಅಂತ ಕೇಳಿದೆ.

"ಪೇಂಟ್ ಆಗಿರೋ ಗೋಡೆಗೆ ಕೆಸರು ಹಾರಿದ್ರೆ ಓನರ್ ಸುಮ್ನಿರ್ತಾರಾ? ಕೈಯಲ್ಲಿರೋದು ಕರೆಂಟ್ ಮೆಷಿನ್ನು. ಶಾಕ್ ಹೊಡೆದ್ರೆ? ಅಡಿ ಲೆಕ್ಕದಲ್ಲಿ ದುಡ್ಡು ಕೊಡೋದು ಕಣೋ, ನಿಧಾನ ಮಾಡಿದ್ರೆ ಸಂಜೆಗೆ ಏನು ಉಳಿಯುತ್ತೆ?"

ಯೋಚಿಸಿ ನೋಡಿ, ಅವರು ಹೇಳಿದ್ದೆಲ್ಲ ಎಂಜಿನಿಯರಿಂಗ್ ಸಮಸ್ಯೆಗಳೇ. ಪೇಂಟ್‌ಗೆ ಮೊದಲೇ ಕಲ್ಲಿನ ಕೆಲಸ ಮುಗಿಸೋದು ಶೆಡ್ಯೂಲ್ ವಿಷಯ. ನೀರಿನ ಜೊತೆ ಬಳಸಲೆಂದೇ ಮಾಡಿದ ಮೆಷಿನ್, ಕರೆಂಟ್ ಸೋರಿದರೆ ತಕ್ಷಣ ಟ್ರಿಪ್ ಆಗುವ ಬ್ರೇಕರ್, ಧೂಳು ಹುಟ್ಟುವಲ್ಲೇ ಎಳೆದುಕೊಳ್ಳುವ ವ್ಯಾಕ್ಯೂಮ್, ಎಲ್ಲ ಇವೆ. ನಿಧಾನದ ಮಾತು ರೇಟಿನದ್ದು. ಸೇಫ್ಟಿ ಪಾಠದ ಆ ಪಿರಮಿಡ್ ಚಿತ್ರವನ್ನು ಐದು ಮಾರ್ಕ್ಸ್‌ಗೆ ಬರೀತೀವಲ್ಲ, ಅದರಲ್ಲಿ ಮಾಸ್ಕ್ ಇರೋದು ಎಲ್ಲಕ್ಕಿಂತ ಕೊನೆಯಲ್ಲಿ. ಅಪಾಯವನ್ನೇ ತೆಗೆಯೋದು ಮೊದಲು. ಮಾವನ ಮುಖಕ್ಕಿರೋದು ಮಾಸ್ಕ್ ಕೂಡ ಅಲ್ಲ, ಟವೆಲ್.

ತೆಗೆಯೋಕೆ ಆಗಲ್ಲ ಅನ್ನೋರಿಗೆ ಆಸ್ಟ್ರೇಲಿಯಾ ನೋಡಿ. ಅಡುಗೆಮನೆಗೆ ಹಾಕುವ ಕೃತಕ ಕ್ವಾರ್ಟ್ಜ್ ಸ್ಲ್ಯಾಬ್‌ಗಳಲ್ಲಿ ಸಿಲಿಕಾ 90 ಶೇಕಡಕ್ಕಿಂತ ಹೆಚ್ಚಿರಬಹುದು. ಅದನ್ನು ಕತ್ತರಿಸುವ ಹುಡುಗರಿಗೆ ಸಿಲಿಕೋಸಿಸ್ ಬಂದದ್ದರಿಂದ ಅಲ್ಲಿ 2024ರ ಜುಲೈ 1ರಿಂದ ಅಂಥ ಸ್ಲ್ಯಾಬ್ ನಿಷೇಧಿಸಿದರು. ನಮ್ಮ ಊರುಗಳಲ್ಲಿ ಅದು ಹೊಸ ಫ್ಯಾಷನ್.

ಮುಂದಿನ ವಾರ ಮಾವನನ್ನು ಎದೆ ಎಕ್ಸ್‌ರೇಗೆ ಕರ್ಕೊಂಡು ಹೋಗ್ತಿದ್ದೇವೆ. "ಬೀಡಿ ಸೇದ್ತೀರಾ" ಅಂತ ಡಾಕ್ಟರ್ ಕೇಳಿಯೇ ಕೇಳ್ತಾರೆ. ಕೇಳದಿದ್ದರೂ ಇಪ್ಪತ್ತು ವರ್ಷದ ಕಲ್ಲಿನ ಕೆಲಸವನ್ನೂ ನಾವೇ ಹೇಳಬೇಕು. ನಿಮ್ಮ ಮನೆಯಲ್ಲೂ ಕ್ವಾರಿ, ಕ್ರಷರ್, ಟೈಲ್ಸ್ ಕೆಲಸದವರಿದ್ದರೆ ಇದನ್ನು ತಪ್ಪದೇ ಹೇಳಿ.

ಇನ್ನೆರಡು ವರ್ಷಕ್ಕೆ ನಮ್ಮಲ್ಲಿ ಎಷ್ಟೋ ಜನ ಸೈಟ್‌ನಲ್ಲಿರ್ತೀವಿ. ಎಸ್ಟಿಮೇಟ್‌ನಲ್ಲಿ ಗ್ರಾನೈಟ್‌ಗೆ, ಪಾಲಿಶ್‌ಗೆ, ಸಾಗಾಟಕ್ಕೆ ಒಂದೊಂದು ಸಾಲು ಇರುತ್ತೆ. ಧೂಳು ತಡೆಯೋಕೂ ಒಂದು ಸಾಲು ಸೇರಿಸಿ, ಅದಕ್ಕೆ ರೇಟ್ ಹಾಕಿ. ದುಡ್ಡು ಬರೆಯದ ಸುರಕ್ಷತೆಯನ್ನು ಯಾವ ಕಂಟ್ರ್ಯಾಕ್ಟರೂ ಮಾಡಲ್ಲ.